ಹದಿನಾರು ಗುಂಡಿಯ ವಾಚು

ಪ್ರಶ್ನೆ: ಅಟ್ಟ ಗುಡಿಸುವಾಗ ಚಿಕ್ಕಪ್ಪನ ಹಳೇ ಟ್ರಂಕಿನಲ್ಲಿ ಕ್ಯಾಲ್ಕುಲೇಟರ್ ಇರುವ ಕ್ಯಾಸಿಯೋ ಡಿಜಿಟಲ್ ವಾಚು ಸಿಕ್ಕಿತು. ನಡೆಯುತ್ತಿಲ್ಲ, ಬೆಲ್ಟು ಬಿರಿದಿದೆ. ಫೋಟೋ ಕಳಿಸಿದ್ದೇ ತಡ, ಬೆಂಗಳೂರಿನ ಗೆಳೆಯರು ‘ನಂಗೆ ಕೊಡ್ತೀಯಾ’ ಅಂತ ಬೆನ್ನುಬಿದ್ದಿದ್ದಾರೆ. ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವಾಗ ಈ ವಾಚಿನ ಮೇಲೆ ಯಾಕಿಷ್ಟು ಆಸೆ? ಇದನ್ನು ರಿಪೇರಿ ಮಾಡಿಸಬಹುದಾ, ಹೊಸದು ತಗೊಳ್ಳುವುದು ಒಳ್ಳೆಯದಾ? ಮಾರಿದರೆ ದುಡ್ಡು ಬರುತ್ತದಾ?
– ತೀರ್ಥಹಳ್ಳಿ ಕಡೆಯ ಓದುಗರೊಬ್ಬರು

ಉತ್ತರ: ಆಸೆಯ ಮಾತು ಆಮೇಲೆ. ಮೊದಲು ಒಂದು ಕೆಲಸ ಮಾಡಿ. ನಾಳೆಯೇ ಹತ್ತಿರದ ವಾಚ್ ಅಂಗಡಿಗೆ ಹೋಗಿ ಹಿಂದಿನ ಮುಚ್ಚಳ ಬಿಚ್ಚಿಸಿ, ಒಳಗಿರುವ ಸತ್ತ ಸೆಲ್ಲು ತೆಗೆಸಿಬಿಡಿ. ಹಳೇ ಸೆಲ್ಲು ಒಳಗೇ ಇದ್ದರೆ ಒಂದಲ್ಲ ಒಂದು ದಿನ ಸೋರುವ ಭಯ ಇದ್ದೇ ಇದೆ. ಸೋರಿದರೆ ತಾಮ್ರದ ಗೆರೆಗಳನ್ನೆಲ್ಲ ಹಸಿರುಗಟ್ಟಿಸಿ ತಿಂದುಹಾಕುತ್ತದೆ. ಹೊಸ ಸೆಲ್ಲು ಮಾತ್ರ ಈಗಲೇ ಹಾಕಿಸಬೇಡಿ. ಈಗ ಆಷಾಢದ ಮಳೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಶಿವಮೊಗ್ಗದಲ್ಲಿ ನಮ್ಮದು ಸಣ್ಣ ವಾಚ್ ರಿಪೇರಿ ಅಂಗಡಿ, ಅಪ್ಪ ಹಾಕಿದ್ದು. ಅಪ್ಪ ಎಚ್‌ಎಂಟಿ ಕಾಲದವರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಎಚ್‌ಎಂಟಿ ವಾಚು ಶುರುವಾಯಿತಲ್ಲ, ಅಲ್ಲಿಂದಾಚೆಗೆ ಬಂದ ಜನತಾ, ಪೈಲಟ್, ಸೋನಾ ಎಲ್ಲವನ್ನೂ ಕಣ್ಣುಮುಚ್ಚಿ ಬಿಚ್ಚಿ ಜೋಡಿಸುತ್ತಿದ್ದರು. ಡಿಜಿಟಲ್ ವಾಚು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಯಾರಾದರೂ ತಂದರೆ, ‘ಇದು ವಾಚಲ್ಲ ಮಾರಾಯ, ರೇಡಿಯೋ ರಿಪೇರಿಯವನ ಹತ್ರ ಕೊಡು’ ಅಂತ ವಾಪಸ್ ಕಳಿಸುತ್ತಿದ್ದರು. ಹಲ್ಲಿನ ಚಕ್ರ ಇಲ್ಲ, ಬ್ಯಾಲೆನ್ಸ್ ವೀಲ್ ಇಲ್ಲ, ಟಿಕ್ ಟಿಕ್ ಸದ್ದೂ ಇಲ್ಲ. ರಿಪೇರಿ ಮಾಡಲಿಕ್ಕೆ ಅದರಲ್ಲಿ ಏನಿದೆ ಅನ್ನುವುದು ಅವರ ವಾದ.

ಒಂದು ಸಲ ಗಿರಾಕಿಯೊಬ್ಬರು ಅಂಥದೇ ವಾಚು ಬಿಟ್ಟು ಹೋಗಿ ತಿಂಗಳಾದರೂ ಬರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಆಕಾಶವಾಣಿ ಭದ್ರಾವತಿ ಹಾಕಿ, ವಾರ್ತೆಗೆ ಮುಂಚಿನ ಪೀಂ ಪೀಂ ಸದ್ದಿಗೆ ತಮ್ಮ ವಾಚು ಸರಿಮಾಡಿಕೊಳ್ಳುತ್ತಿದ್ದರು. ಆ ತಿಂಗಳು ಪಕ್ಕದಲ್ಲಿ ಈ ಪ್ಲಾಸ್ಟಿಕ್ ವಾಚನ್ನೂ ಇಟ್ಟುಕೊಂಡು ನೋಡಿದರು. ಕೀ ಕೊಡುವ ವಾಚು ವಾರಕ್ಕೆ ನಿಮಿಷಗಟ್ಟಲೆ ಹಿಂದೆ ಮುಂದೆ ಆಗುತ್ತದೆ. ಇದು ಇಡೀ ತಿಂಗಳಲ್ಲಿ ಕೆಲವೇ ಸೆಕೆಂಡು ತಪ್ಪಿತ್ತು. ಒಳಗಿರುವ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಅದುರುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ 1 ಬರುತ್ತದೆ, ಅದೇ ಒಂದು ಸೆಕೆಂಡು. ನಾನು ಇದನ್ನು ಓದಿಕೊಂಡು ಬಂದು ಅಪ್ಪನಿಗೆ ವಿವರಿಸಿದೆ. ಅವರು ಏನೂ ಮಾತಾಡಲಿಲ್ಲ. ಆದರೆ ಅವತ್ತಿನಿಂದ ರೇಡಿಯೋ ರಿಪೇರಿಯವನ ಹೆಸರು ಎತ್ತಲಿಲ್ಲ. ‘ಅದೆಲ್ಲ ನೀನೇ ನೋಡ್ಕೋ’ ಅಂದರು. ಡಿಜಿಟಲ್ ವಾಚುಗಳು ನನ್ನ ಪಾಲಿಗೆ ಬಂದಿದ್ದು ಹಾಗೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಯಾಕಿಷ್ಟು ಆಸೆ?

‘ಹಳೇ ನೆನಪು’ ಅಂತ ಎಲ್ಲರೂ ಸುಲಭಕ್ಕೆ ಹೇಳಿಬಿಡುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ವಯಸ್ಸಿನವರಿಗೆ ನೆನಪು ಸರಿ. ಗಲ್ಫ್‌ನಿಂದ ಬಂದ ನೆಂಟರು ತಂದುಕೊಟ್ಟ ವಾಚನ್ನು ಕ್ಲಾಸಿನಲ್ಲಿ ಒಬ್ಬ ಕಟ್ಟಿಕೊಂಡು ಬಂದರೆ ಸುತ್ತ ಇಪ್ಪತ್ತು ತಲೆ. ಒಬ್ಬೊಬ್ಬರಿಗೆ ಒಂದೊಂದೇ ಗುಂಡಿ ಒತ್ತಲು ಪರ್ಮಿಷನ್. ಸ್ಟಾಪ್‌ವಾಚನ್ನು ಸರಿಯಾಗಿ ಸೊನ್ನೆ ಸೊನ್ನೆಗೆ ನಿಲ್ಲಿಸುವ ಪಂದ್ಯ ಬೇರೆ. ಆದರೆ ಈಗ ನನ್ನ ಅಂಗಡಿಗೆ ಇದನ್ನು ಕೇಳಿಕೊಂಡು ಬರುವವರು ಕಾಲೇಜು ಹುಡುಗ ಹುಡುಗಿಯರು. ಅವರು ಹುಟ್ಟುವ ಹೊತ್ತಿಗೆ ಮನೆಗೆ ಮೊಬೈಲ್ ಬಂದಿತ್ತು. ಅವರಿಗೆ ಎಲ್ಲಿಯ ನೆನಪು?

ನನಗನ್ನಿಸುವುದು ಬೇರೆ. ಇದು ತನ್ನ ಬಂಡವಾಳವನ್ನೆಲ್ಲ ಮುಖದ ಮೇಲೇ ಹರವಿಟ್ಟುಕೊಂಡ ವಾಚು. ಇದರ ಕೈಲಿ ಏನಾಗುತ್ತದೆ, ಏನಾಗುವುದಿಲ್ಲ ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹತ್ತು ಅಂಕಿ, ಒಂದು ಚುಕ್ಕಿ, ಕೂಡು, ಕಳೆ, ಗುಣಿಸು, ಭಾಗಿಸು, ಸಮ. ಒಟ್ಟು ಹದಿನಾರು ಗುಂಡಿ. ಒಳಗೆ ಇನ್ನೇನೋ ಅಡಗಿದೆ, ಅಪ್‌ಡೇಟ್ ಮಾಡಿದರೆ ಬರುತ್ತದೆ ಅನ್ನುವ ಮಾತಿಲ್ಲ. ಇದನ್ನು ಕಟ್ಟುವವರು ಲೆಕ್ಕ ಮಾಡುವುದು ಅಪರೂಪ. ‘ಇದು ಲೆಕ್ಕ ಮಾಡಬಲ್ಲದು’ ಅಂತ ಎದುರಿಗಿರುವವರಿಗೆ ಕಾಣಿಸುತ್ತದಲ್ಲ, ಮಜಾ ಇರುವುದು ಅಲ್ಲಿ.

ಇದು ಇವತ್ತಿನ ಫ್ಯಾಷನ್ನಿನ ಮಾತಲ್ಲ. ಹಿಂದೆ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರೊಬ್ಬರು ನಮ್ಮ ಗಿರಾಕಿ. ಬಾಯಿಲೆಕ್ಕದಲ್ಲಿ ಗಟ್ಟಿ ಆಸಾಮಿ, ಮೂಟೆ ತಕ್ಕಡಿಯಿಂದ ಇಳಿಯುವುದರೊಳಗೆ ದುಡ್ಡೆಷ್ಟು ಅಂತ ಹೇಳುತ್ತಿದ್ದರು. ಕ್ಯಾಲ್ಕುಲೇಟರ್ ವಾಚು ಅವರಿಗೆ ಬೇಕೇ ಇರಲಿಲ್ಲ. ಆದರೂ ಕೈಯಲ್ಲಿತ್ತು. ಯಾಕೆ ಸ್ವಾಮಿ ಅಂತ ಕೇಳಿದರೆ ನಕ್ಕು ಹೇಳಿದರು: ‘ನಾ ಬಾಯಲ್ಲಿ ಹೇಳಿದ್ರೆ ರೈತ ನಂಬಲ್ಲ. ವಾಚಲ್ಲಿ ಒತ್ತಿ ತೋರಿಸಿದ್ರೆ ನಂಬ್ತಾನೆ.’ ಅದೇ ಮಾತು ಉಲ್ಟಾನೂ ನಿಜವಂತೆ. ರೈತನ ಮುಂಗೈಲಿ ಆ ವಾಚು ಕಂಡರೆ, ಬರೆಯುವವರು ತಮ್ಮ ಲೆಕ್ಕವನ್ನು ಇನ್ನೊಂದು ಸಲ ಕೂಡಿ ನೋಡುತ್ತಿದ್ದರಂತೆ! ಯಾರೂ ಒಂದು ಗುಂಡಿಯನ್ನೂ ಒತ್ತಿರುವುದಿಲ್ಲ. ಕೆಲಸ ಮಾತ್ರ ಆಗಿರುತ್ತದೆ.

ಅವರು ಒಂದು ಉಪಾಯವನ್ನೂ ತೋರಿಸಿಕೊಟ್ಟಿದ್ದರು. ಕ್ಯಾಸಿಯೋದಲ್ಲಿ ಗುಣಿಸುವ ಗುಂಡಿಯನ್ನು ಎರಡು ಸಲ ಒತ್ತಿದರೆ ಪರದೆಯ ಮೇಲೆ ‘ಕೆ’ ಅನ್ನುವ ಇಂಗ್ಲಿಷ್ ಅಕ್ಷರ ಬರುತ್ತದೆ. ಅಂದರೆ ಮೊದಲು ಹಾಕಿದ ಅಂಕಿ ಅಲ್ಲೇ ಕೂತಿತು ಅಂತ ಅರ್ಥ. ಕೆಜಿಗೆ 485 ರೂಪಾಯಿ ದರ ಅಂದುಕೊಳ್ಳಿ. 485 ಹಾಕಿ, ಗುಣಿಸು ಎರಡು ಸಲ, ಆಮೇಲೆ ಮೂಟೆಯ ತೂಕ 62.4, ಸಮ. 30,264 ಬಂತು. ಮುಂದಿನ ಮೂಟೆಗೆ ದರ ಮತ್ತೆ ಹಾಕುವುದು ಬೇಡ. ಬರೀ 65.4, ಸಮ. 31,719. ಹೀಗೆ ಮೂಟೆ ಮುಗಿಯುವ ತನಕ. ನಿಮ್ಮದಕ್ಕೆ ಜೀವ ಬಂದ ಮೇಲೆ ಮಾಡಿ ನೋಡಿ.

ಈಗ ಸುಮ್ನೆ ಸ್ವಲ್ಪ ಹಿಂದಕ್ಕೆ ಹೋಗೋಣ. ಯಾಕೆಂದರೆ ಈ ವಾಚು ಹುಟ್ಟಿದಾಗ ಹೀಗೆ ಮಂಡಿಗೆ ಬರುವಂಥದ್ದಾಗಿರಲಿಲ್ಲ. 1975ರ ಕೊನೆಯಲ್ಲಿ ಅಮೆರಿಕದ ಪಲ್ಸರ್ ಚಿನ್ನದ ಕೇಸಿನ ಕ್ಯಾಲ್ಕುಲೇಟರ್ ವಾಚು ತಂದಿತು. ಬೆಲೆ 3,950 ಡಾಲರ್. ಮರುವರ್ಷ ಸ್ಟೀಲಿನದು ಬಂತು, 550 ಡಾಲರ್. ಅಂಕಿಗಳು ಕೆಂಪು ಎಲ್‌ಇಡಿ. ಅದು ಸೆಲ್ಲು ಕುಡಿಯುತ್ತದೆ ಅಂತ ಸದಾ ಉರಿಯುತ್ತಿರಲಿಲ್ಲ, ಟೈಮು ನೋಡಬೇಕೆಂದರೆ ಗುಂಡಿ ಒತ್ತಬೇಕು. ಇನ್ನೊಂದು ಕೈಯಲ್ಲಿ ಹಾಲಿನ ಕ್ಯಾನ್ ಇದ್ದರೆ ಗಂಟೆ ಎಷ್ಟಾಯಿತು ಅಂತ ಪಕ್ಕದವರನ್ನೇ ಕೇಳಬೇಕು! ಅಂಕಿಯ ಗುಂಡಿಗಳೋ ಇರುವೆ ತಲೆಯಷ್ಟು. ಬೆರಳಿಗೆ ಸಿಗುವುದಿಲ್ಲ, ಕಡ್ಡಿಯಂಥದ್ದರಿಂದ ಚುಚ್ಚಬೇಕು.

1977ರಲ್ಲಿ ಎಚ್‌ಪಿ ತಂದ ಎಚ್‌ಪಿ-01 ಇನ್ನೂ ಬುದ್ಧಿವಂತ ವಾಚು. 28 ಗುಂಡಿ, 650 ಡಾಲರ್, ಒಳಗೆ ಮೂರು ಸೆಲ್ಲು. ಅದರಲ್ಲಿ ಒಂದು ಕೆಲಸ ನನಗೆ ಭಾರೀ ಇಷ್ಟ. ಓಡುತ್ತಿರುವ ಸ್ಟಾಪ್‌ವಾಚನ್ನೇ ಒಂದು ದರದಿಂದ ಗುಣಿಸಬಹುದಿತ್ತು, ಉತ್ತರ ಸೆಕೆಂಡು ಸೆಕೆಂಡಿಗೂ ಏರುತ್ತಾ ಹೋಗುತ್ತಿತ್ತು. ಎಸ್‌ಟಿಡಿ ಬೂತಿನಲ್ಲಿ ಮಾತಾಡುತ್ತಾ ಮಾತಾಡುತ್ತಾ ಕೆಂಪು ಮೀಟರ್ ಏರುವುದನ್ನು ಎದೆ ಹಿಡಿದುಕೊಂಡು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಅದಕ್ಕೂ ಚುಚ್ಚುವ ಕಡ್ಡಿಯೇ ಬೇಕು, ಅದನ್ನು ಚೈನಿನ ಕೊಂಡಿಯಲ್ಲಿ ಸಿಕ್ಕಿಸಿ ಕೊಡುತ್ತಿದ್ದರು. ಕಡ್ಡಿ ಕಳೆದುಹೋದರೆ? ಪೆನ್ನಿನ ತುದಿಯೇ ಗತಿ.

ಕ್ಯಾಸಿಯೋದವರು ಬಂದ ದಾರಿ ಬೇರೆ. ಅವರು ಮೂಲದಲ್ಲಿ ವಾಚಿನವರಲ್ಲ, ಕ್ಯಾಲ್ಕುಲೇಟರಿನವರು. 1957ರಲ್ಲಿ ಅವರು ತಂದ 14-ಎ ಅನ್ನುವ ಲೆಕ್ಕದ ಯಂತ್ರ ಒಂದು ಮೇಜಿನಷ್ಟು ದೊಡ್ಡದು. ಒಳಗೆ ರಿಲೇ ಅನ್ನುವ ಕರೆಂಟಿನ ಸ್ವಿಚ್ಚುಗಳು 342, ತೂಕ 140 ಕೆಜಿ. ಎರಡು ಅಡಿಕೆ ಮೂಟೆಯ ಭಾರ ಅಂದುಕೊಳ್ಳಿ. ವಾಚಿಗೆ ಕೈ ಹಾಕಿದ್ದು 1974ರಲ್ಲಿ. 1980ರಲ್ಲಿ ಸಿ-80 ಅನ್ನುವ ಕ್ಯಾಲ್ಕುಲೇಟರ್ ವಾಚು ತಂದರು. ಚಿನ್ನ ಇಲ್ಲ, ಸ್ಟೀಲ್ ಚೈನಿನ ಜಂಬ ಇಲ್ಲ, ಕಪ್ಪು ಪ್ಲಾಸ್ಟಿಕ್ಕು. ಕೆಂಪು ಎಲ್‌ಇಡಿ ಬದಲು ಸದಾ ಕಾಣುವ ಎಲ್‌ಸಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಗುಂಡಿಗಳನ್ನು ಬೆರಳಿನಲ್ಲೇ ಒತ್ತುವ ಹಾಗೆ ಮಾಡಿದರು.

ಇಷ್ಟೇನಾ ಅನ್ನಿಸಬಹುದು. ಇಷ್ಟೇ. ಆದರೆ ಕಡ್ಡಿ ಬೇಕಾಗುವ ವಾಚನ್ನು ಒಡವೆಯ ಹಾಗೆ ಪೆಟ್ಟಿಗೆಯಲ್ಲಿಡುತ್ತಾರೆ. ಬೆರಳಿಗೆ ಸಿಗುವ ವಾಚನ್ನು ಬಸ್ಸಲ್ಲಿ ಕೂತು ಸುಮ್ಮಸುಮ್ಮನೆ ಒತ್ತುತ್ತಾರೆ. ಆ ಒತ್ತುವ ಚಟ ಇದೆಯಲ್ಲ, ಅದೇ ಈ ವಾಚನ್ನು ಉಳಿಸಿದ್ದು. ರಬ್ಬರಿನ ಗುಂಡಿ ಸ್ವಲ್ಪ ಒಳಗೆ ಹೋಗಿ ವಾಪಸ್ ಬರುತ್ತದೆ, ಅಂಕಿ ಮೂಡುತ್ತದೆ. ಗಾಜನ್ನು ಸವರಿದರೆ ಈ ಸುಖ ಸಿಗುವುದಿಲ್ಲ. ಇನ್ನೊಂದು, ನೀವು ಒತ್ತದೇ ಇದ್ದರೆ ಅದು ತಾನಾಗಿ ನಿಮ್ಮನ್ನು ಕರೆಯುವುದಿಲ್ಲ. ನೀವೇ ಇಟ್ಟ ಅಲಾರಂ, ಗಂಟೆಗೊಂದು ಬೀಪ್, ಅಷ್ಟೇ ಅದರ ಗಲಾಟೆ. ಇಷ್ಟು ಹೆಜ್ಜೆ ನಡೆದಿರಿ, ಇಷ್ಟು ಹೊತ್ತು ಮಲಗಿದಿರಿ ಅಂತ ವರದಿ ಒಪ್ಪಿಸುವುದಿಲ್ಲ.

ಹಾಗಂತ ಇದು ಒಳ್ಳೆಯ ಕ್ಯಾಲ್ಕುಲೇಟರ್ ಅಂತ ನಾನು ಹೇಳುವುದಿಲ್ಲ. ತೋಟದ ಕೆಲಸ ಮಾಡಿ ದಪ್ಪಗಾದ ಬೆರಳಿಗೆ ಒಂದು ಒತ್ತಲು ಹೋದರೆ ಎರಡು ಒತ್ತುತ್ತದೆ. ಉಗುರಿನ ತುದಿ ಬಳಸಬೇಕು. ಪರ್ಸೆಂಟ್ ಇಲ್ಲ, ವರ್ಗಮೂಲ ಇಲ್ಲ. ಎಂಟಂಕಿಯ ಲೆಕ್ಕವಾದ್ದರಿಂದ 9,99,99,999ಕ್ಕೆ ನಿಂತುಹೋಗುತ್ತದೆ. ಹತ್ತು ಕೋಟಿಯ ವ್ಯವಹಾರ ಇರುವವರು ಬೇರೆ ವಾಚು ನೋಡಿಕೊಳ್ಳಲಿ!

ಇನ್ನು ನಿಮ್ಮ ವಾಚಿಗೆ ಬರೋಣ.

ವಾಚು ಮಗುಚಿ ಹಿಂದಿನ ಮುಚ್ಚಳ ನೋಡಿ. ಕ್ಯಾಸಿಯೋ ಅಸಲಿಯಾದರೆ ಹಿಂಬದಿ ಚಿಕ್ಕ ಚೌಕದೊಳಗೆ ಮೂರೋ ನಾಲ್ಕೋ ಅಂಕಿ ಕೊರೆದಿರುತ್ತದೆ. ಅದು ಒಳಗಿನ ಮೆಷಿನ್ನಿನ ನಂಬರು. ಪಕ್ಕದಲ್ಲಿ ಮಾಡೆಲ್ ಹೆಸರು ಇರುತ್ತದೆ. ಆ ಕಾಲದಲ್ಲಿ ಇದೇ ರೂಪದ ಅಗ್ಗದ ನಕಲುಗಳೂ ಬೇಕಾದಷ್ಟು ಬಂದಿದ್ದವು. ಅವುಗಳ ಮೇಲೆ ಜಾಸ್ತಿ ದುಡ್ಡು ಸುರಿಯಬೇಡಿ.

ಹೊಸ ಸೆಲ್ಲಿಗೆ ಅಂಕಿ ಬಂತು, ಆದರೆ ಅರ್ಧಂಬರ್ಧ ಬಂತು ಅಂದುಕೊಳ್ಳಿ. ಪ್ರತಿ ಅಂಕಿಯೂ ಏಳು ಗೆರೆಗಳಿಂದ ಆಗಿದ್ದು. ಮೇಲಿನ ಬಲಗಡೆ ಗೆರೆ ಹೋದರೆ 8 ಇದ್ದದ್ದು 6 ಆಗುತ್ತದೆ, ನಡುವಿನ ಗೆರೆ ಹೋದರೆ 0 ಆಗುತ್ತದೆ. ಇದನ್ನು ನೋಡಿ ಪರದೆಯೇ ಹಾಳಾಯಿತು ಅಂತ ಎಸೆಯುವವರು ಇದ್ದಾರೆ. ಬಹಳ ಸಲ ಪರದೆ ಸರಿಯಾಗೇ ಇರುತ್ತದೆ. ಪರದೆಗೂ ಮೆಷಿನ್ನಿಗೂ ನಡುವೆ ಬೆಂಕಿಕಡ್ಡಿಗಿಂತ ಸಣ್ಣದೊಂದು ರಬ್ಬರ್ ಪಟ್ಟಿ ಇರುತ್ತದೆ. ಐ ಗ್ಲಾಸ್, ಅಂದರೆ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಹಾಕಿಕೊಂಡು ನೋಡಿದರೆ ಅದರಲ್ಲಿ ಕಪ್ಪು ಬಿಳಿ ಗೆರೆಗಳು ಕಾಣುತ್ತವೆ. ಕರೆಂಟ್ ಹರಿಯುವುದು ಕಪ್ಪಿನಲ್ಲಿ ಮಾತ್ರ. ನಾವು ಅದನ್ನು ಜೀಬ್ರಾ ಅನ್ನುತ್ತೇವೆ. ಅದರ ಅಂಚಿಗೆ ಬೂಷ್ಟೋ ಧೂಳೋ ಕೂತರೆ ಗೆರೆ ಮಾಯ. ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಹಗುರಾಗಿ ಒರೆಸಿ, ಇದ್ದ ದಿಕ್ಕಿಗೇ ಕೂರಿಸಿದರೆ ಹೋದ ಗೆರೆ ವಾಪಸ್ ಬರುತ್ತದೆ. ಪರದೆಯ ಮೂಲೆಯಲ್ಲಿ ಶಾಯಿ ಚೆಲ್ಲಿದ ಹಾಗೆ ಕಪ್ಪು ಹರಡಿದ್ದರೆ ಮಾತ್ರ ಆಸೆ ಬಿಡಿ, ಅದು ಒಡೆದಿದೆ.

ಗುಂಡಿ ಕೆಲಸ ಮಾಡದಿದ್ದರೆ ಸಾಮಾನ್ಯವಾಗಿ ಬೆವರು, ಕೊಳೆ. ನಮ್ಮ ಕಡೆಯಾದರೆ ಅಡಿಕೆ ತೊಗರೂ ಸೇರಿರುತ್ತದೆ. ಒಂದು ವಾಚಿನ 5 ಮತ್ತು 6ರ ಸುತ್ತ ಕೆಂಪಗೆ ಗಟ್ಟಿ ಕಟ್ಟಿದ್ದನ್ನು ನಾನು ಹಲ್ಲುಕಡ್ಡಿಯಿಂದ ಕೆರೆದು ತೆಗೆದಿದ್ದೇನೆ. ಒಳಗಡೆಯ ಕಪ್ಪು ಚುಕ್ಕಿ, ಅಂದರೆ ಗುಂಡಿ ಒತ್ತಿದಾಗ ತಾಗುವ ಭಾಗ, ಅದನ್ನು ಜೋರಾಗಿ ಉಜ್ಜಬಾರದು. ಸವೆದರೆ ಗುಂಡಿ ಕೆಲಸ ಮಾಡುವುದಿಲ್ಲ.

ಈಗ ಮಳೆಯ ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ನಿಮ್ಮ ತೀರ್ಥಹಳ್ಳಿ ಅದರ ಮಗ್ಗುಲಲ್ಲೇ ಇದೆ. ಈ ಹೊತ್ತಿನಲ್ಲಿ ಮುಚ್ಚಳ ತೆಗೆದು ಹಾಕಿದರೆ ಒದ್ದೆ ಗಾಳಿಯನ್ನೇ ಒಳಗಿಟ್ಟು ಬೀಗ ಹಾಕಿದ ಹಾಗೆ. ರಾತ್ರಿ ತಣ್ಣಗಾದಾಗ ಗ್ಲಾಸಿನ ಒಳಮೈಗೆ ಮಂಜು ಕಟ್ಟುತ್ತದೆ. ಆಮೇಲೆ ಒಳಗೆ ತುಕ್ಕು. ಅದಕ್ಕೇ ಹೇಳಿದ್ದು, ಈಗ ಸೆಲ್ಲು ತೆಗೆಸಿ, ದಸರಾ ಕಳೆದು ಬಿಸಿಲು ಬಂದ ಮೇಲೆ ಹೊಸದು ಹಾಕಿಸಿ. ಅವಸರ ಇದ್ದರೆ, ಮುಚ್ಚುವ ಮುಂಚೆ ಬಲ್ಬಿನ ಹತ್ತಿರ ಸ್ವಲ್ಪ ಹೊತ್ತು ಬೆಚ್ಚಗಿಡಲು ಹೇಳಿ. ಮುಚ್ಚಳದ ರಬ್ಬರ್ ವಾಷರ್ ಚಪ್ಪಟೆಯಾಗಿದ್ದರೆ ಬದಲಿಸಿ, ಇಲ್ಲವಾದರೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿಸಿ.

ಬೆಚ್ಚಗೆ ಅಂದೆ, ಬಿಸಿ ಅಲ್ಲ. ಒಬ್ಬರು ನೆನೆದ ವಾಚನ್ನು ಬಚ್ಚಲ ಒಲೆಯ ಕಟ್ಟೆ ಮೇಲಿಟ್ಟಿದ್ದರು. ಪರದೆ ಪೂರ್ತಿ ಕಪ್ಪಾಯಿತು ಅಂತ ಗಾಬರಿಯಿಂದ ಓಡಿಬಂದರು. ಅಂಗಡಿ ತಲುಪುವಷ್ಟರಲ್ಲಿ ಅದು ತಣ್ಣಗಾಗಿ ಅಂಕಿ ವಾಪಸ್ ಬಂದಿತ್ತು! ಎಲ್‌ಸಿಡಿಯೊಳಗಿನ ದ್ರವ ಜಾಸ್ತಿ ಕಾದರೆ ತನ್ನ ತಿರುಚು ಕಳೆದುಕೊಳ್ಳುತ್ತದೆ, ಆಗ ಬೆಳಕು ದಾಟುವುದಿಲ್ಲ, ಪರದೆ ಕಪ್ಪಾಗುತ್ತದೆ. ತಣಿದರೆ ಮೊದಲಿನಂತಾಗುತ್ತದೆ. ಅವರ ಬೆಲ್ಟು ಮಾತ್ರ ಮೊದಲಿನಂತಾಗಲಿಲ್ಲ, ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

ಒಂದು ಎಚ್ಚರಿಕೆ, ಇದು ನನ್ನದೇ ತಪ್ಪಿನಿಂದ ಕಲಿತದ್ದು. 1984ರಿಂದ ಕ್ಯಾಸಿಯೋ ಡೇಟಾ ಬ್ಯಾಂಕ್ ಅಂತ ಫೋನ್ ನಂಬರ್ ಉಳಿಸಿಕೊಳ್ಳುವ ವಾಚುಗಳನ್ನೂ ತಂದಿತು. ನಾನು ಕೆಲಸ ಕಲಿಯುವ ದಿನಗಳಲ್ಲಿ ಲಾರಿ ಆಫೀಸಿನವರೊಬ್ಬರ ಅಂಥ ವಾಚಿನ ಸೆಲ್ಲು ಕೇಳದೇ ಬದಲಿಸಿಬಿಟ್ಟೆ. ಹೊಸ ಸೆಲ್ಲು ಹಾಕುವಷ್ಟರಲ್ಲಿ ಅವರ ಅಷ್ಟೂ ನಂಬರು ಖಾಲಿ. ಅವರು ಬೈಯಲಿಲ್ಲ. ನನ್ನ ಎದುರೇ ಸ್ಟೂಲಿನ ಮೇಲೆ ಕೂತು, ನೆನಪಿದ್ದ ಐದಂಕಿಯ ನಂಬರುಗಳನ್ನು ಒಂದೊಂದಾಗಿ ಮತ್ತೆ ಒತ್ತುತ್ತಾ ಹೋದರು. ಬೈದಿದ್ದರೇ ಚೆನ್ನಾಗಿತ್ತು. ನಿಮ್ಮದು ಡೇಟಾ ಬ್ಯಾಂಕ್ ಆಗಿದ್ದರೆ ಅದರೊಳಗಿನ ನಂಬರುಗಳು ಹಳೇ ಸೆಲ್ಲಿನ ಜೊತೆಗೇ ಹೋಗಿವೆ, ಹುಡುಕಬೇಡಿ.

ಹೊಸದು ತಗೊಳ್ಳುವುದಾದರೆ, ಸಿಎ-53ಡಬ್ಲ್ಯೂ ಅನ್ನುವ ಪ್ಲಾಸ್ಟಿಕ್ ಮಾಡೆಲ್ ಈ ಸಾಲಿನ ಹೆಸರುವಾಸಿ ವಾಚು. ಸೆಲ್ಲು ಐದು ವರ್ಷ ಬರುತ್ತದೆ ಅಂತ ಕಂಪನಿಯ ಲೆಕ್ಕ. ಕೈಗೆ ಕಟ್ಟಿದ್ದೇ ಗೊತ್ತಾಗುವುದಿಲ್ಲ, ಅಷ್ಟು ಹಗುರ. ಆದರೆ ಅದರಲ್ಲಿ ಲೈಟಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟು ಹೋಗುವ ಊರಿನವರಿಗೆ ಲೈಟಿಲ್ಲದ ವಾಚು ಅರ್ಧ ವಾಚು ಅಂತ ನನ್ನ ಅಭಿಪ್ರಾಯ. ಡೇಟಾ ಬ್ಯಾಂಕ್ ಸಾಲಿನ ಕೆಲವದರಲ್ಲಿ ಲೈಟಿದೆ, ಅದನ್ನು ಕೇಳಿ ನೋಡಿ. ವಾಟರ್ ರೆಸಿಸ್ಟೆಂಟ್ ಅಂತ ಬರೆದಿದ್ದನ್ನು ನಂಬಿ ತುಂಗೆಗೆ ಧುಮುಕಬೇಡಿ. ಅದು ಕೈ ತೊಳೆಯುವಾಗ ಸಿಡಿಯುವ ನೀರಿಗೆ. ಇನ್ನು ಈ ಅಗ್ಗದ ಡಿಜಿಟಲ್‌ಗಳಲ್ಲಿ ಅನೇಕದಕ್ಕೆ ಅಧಿಕ ವರ್ಷ ಗೊತ್ತಿಲ್ಲ. ಫೆಬ್ರವರಿ 28 ಆದ ಮೇಲೆ ನೇರ ಮಾರ್ಚ್ 1. ನಾಲ್ಕು ವರ್ಷಕ್ಕೊಂದು ಸಲ ನೀವೇ ತಿದ್ದಬೇಕು. ಮತ್ತೆ ತಮ್ಮಂದಿರೋ ತಂಗಿಯರೋ ನೀಟ್ ಬರೆಯುವವರಿದ್ದರೆ ಪರೀಕ್ಷೆಗೆ ಕಟ್ಟಿ ಕಳಿಸಬೇಡಿ, ಅಲ್ಲಿ ಯಾವ ವಾಚನ್ನೂ ಒಳಗೆ ಬಿಡುವುದಿಲ್ಲ.

ಮಾರುವ ವಿಚಾರಕ್ಕೆ ನನ್ನ ಉತ್ತರ ಚಿಕ್ಕದು. ನಿಂತುಹೋದ, ಬೆಲ್ಟು ಬಿರಿದ ಸಾಧಾರಣ ಮಾಡೆಲ್ಲಿಗೆ ಹೇಳಿಕೊಳ್ಳುವಂಥ ಬೆಲೆ ಬರುವುದಿಲ್ಲ. ಸಿ-80 ಆಗಿದ್ದರೆ, ಅಥವಾ ಸೈನ್, ಕಾಸ್ ಲೆಕ್ಕ ಮಾಡುವ 1983ರ ಸಿಎಫ್‌ಎಕ್ಸ್-200 ಆಗಿದ್ದರೆ ಮಾತು ಬೇರೆ. ಅಂಥದ್ದಾದರೆ ಗೆಳೆಯರಿಗೆ ಕೊಡುವ ಮುಂಚೆ ಇನ್ನೆರಡು ಕಡೆ ವಿಚಾರಿಸಿ. ಅದಕ್ಕೂ ಮುಂಚೆ ಚಿಕ್ಕಪ್ಪನನ್ನು ಒಂದು ಮಾತು ಕೇಳಿ. ಟ್ರಂಕಿನಲ್ಲಿ ಇಷ್ಟು ವರ್ಷ ಜೋಪಾನ ಮಾಡಿದವರು ಸುಮ್ಮನೆ ಮರೆತು ಇಟ್ಟಿರಲಿಕ್ಕಿಲ್ಲ ಅಲ್ವಾ?

ಕೊನೆಗೆ, ಸೆಲ್ಲು ಹಾಕಿಸುವ ದಿನ ಅಂಗಡಿಯಲ್ಲಿ ನಿಂತು ಎರಡು ವಿಷಯ ನೋಡಿಕೊಳ್ಳಿ. ಹೊಸ ಸೆಲ್ಲಿಗೂ ಪರದೆ ಖಾಲಿ ಇದ್ದರೆ, ಅಥವಾ ಹುಚ್ಚುಹುಚ್ಚಾಗಿ ಅಂಕಿ ತೋರಿಸಿದರೆ ಕೆಟ್ಟಿದೆ ಅಂತ ಒಪ್ಪಿಕೊಳ್ಳಬೇಡಿ. ಮೆಷಿನ್ ಮೇಲೆ ‘ಎಸಿ’ ಅಂತ ಎರಡು ಇಂಗ್ಲಿಷ್ ಅಕ್ಷರ ಇರುತ್ತದೆ. ಚಿಮಟದ ಒಂದು ತುದಿ ಅಲ್ಲಿಗೆ, ಇನ್ನೊಂದು ತುದಿ ಸೆಲ್ಲಿನ ಮೇಲ್ಮೈಗೆ ಎರಡು ಸೆಕೆಂಡು ತಾಗಿಸಲು ಹೇಳಿ. ಎಲ್ಲ ಹೊಸದಾಗಿ ಶುರುವಾಗುತ್ತದೆ. ಎರಡನೆಯದು, ಮುಚ್ಚಿದ ಮೇಲೆ ಗುಂಡಿ ಒತ್ತಿ ಬೀಪ್ ಕೇಳಿಸಿಕೊಳ್ಳಿ. ಸದ್ದು ಮಾಡುವ ತೆಳ್ಳನೆ ಬಿಲ್ಲೆ ಅಂಟಿರುವುದು ಮುಚ್ಚಳಕ್ಕೆ. ಅದಕ್ಕೂ ಮೆಷಿನ್ನಿಗೂ ಸಂಬಂಧ ಕೊಡುವುದು ಸಾಸಿವೆ ಕಾಳಿನಷ್ಟು ಸಣ್ಣ ಸ್ಪ್ರಿಂಗು. ಮುಚ್ಚಳ ತೆಗೆದ ಕೂಡಲೇ ಅದು ಹಾರಿಹೋಗುತ್ತದೆ. ಬೀಪ್ ಬರಲಿಲ್ಲವಾ, ಅಂಗಡಿ ಬಿಟ್ಟು ಕದಲಬೇಡಿ. ಅವರ ಮೇಜಿನ ಕೆಳಗೇ ಎಲ್ಲೋ ಬಿದ್ದಿರುತ್ತದೆ.